ಕಿಟಕಿಯ ಸರಳು

ಖಾನಾಪುರದ ನನ್ನ ನಕ್ಷೆ ಕಚೇರಿಗೆ ಕಂಪನಿಯ ವರ್ಕ್‌ಸ್ಟೇಷನ್ ಕಂಪ್ಯೂಟರ್ ಕೊಳ್ಳಬೇಕೆಂದಿದ್ದೆ. ಬೆಳಗಾವಿಯ ಕಂಪ್ಯೂಟರ್ ಮೆಕ್ಯಾನಿಕ್ ಒಬ್ಬರು ನಕ್ಕರು: "ಸೀಲ್ ಹಾಕಿದ ಡಬ್ಬಿ ಪೂಜಿ ಮಾಡ್ತೀರೇನ್ರಿ ಸಾಹೇಬ್ರ? ನಾ ಜೋಡಿಸಿ ಕೊಡ್ತೀನಿ. ಕೆಟ್ರ ನಾನ ಬರ್ತೀನಿ."

ನಾನು ಒಪ್ಪಿದೆ. ಯಂತ್ರದೊಳಗೆ ಕೈ ಹಾಕುವ ಮುನ್ನ ಪ್ರತಿ ಸಲವೂ ಅವರು ನನ್ನ ಕಚೇರಿ ಕಿಟಕಿಯ ಬಣ್ಣ ಸವೆದ ಸರಳನ್ನು ಹಿಡಿಯುತ್ತಿದ್ದರು. "ಮೊದಲ ಕಬ್ಬಿಣ ಮುಟ್ಟಬೇಕ್ರಿ. ಮೈಯಾಗಿನ ಕರೆಂಟ್ ಇಳೀಬೇಕು, ಇಲ್ಲಾಂದ್ರ ಚಿಪ್ ಸುಡ್ತದ."

ಮುಂದೊಂದು ಮಳೆಗಾಲದಲ್ಲಿ ಯಂತ್ರ ನಿಂತಿತು. ಅಷ್ಟರಲ್ಲಿ ಲಕ್ವಾ ಹೊಡೆದು ಅವರ ಬಲಗೈಯೂ ಮಾತೂ ಹೋಗಿದ್ದವು. ಆದರೂ ಹೆಂಡತಿಯ ಹೆಗಲು ಹಿಡಿದು ಬಂದರು.

"ಮಷೀನ್ ಕೆಟ್ಟೈತಿ ಅಂದ ಕೂಡ್ಲೆ ಚಪ್ಪಲಿ ಹಾಕ್ಕೊಂಡ್ರು ನೋಡ್ರಿ" ಎಂದರು ಆಕೆ.

ನಾನು ಮುಚ್ಚಳ ಬಿಚ್ಚಿದೆ. ಎಡಗೈ ಚಾಚಿದವರು ತಟ್ಟನೆ ಅದನ್ನು ತಡೆದು ಕಿಟಕಿಯತ್ತ ನೋಡಿದರು. ಹೆಂಡತಿ ಅವರ ಬಲಗೈಯನ್ನು ಎತ್ತಿ ಸರಳಿನ ಮೇಲಿಟ್ಟರು. ಬೆರಳುಗಳು ಮಡಚಿಕೊಳ್ಳಲಿಲ್ಲ. ಆಕೆಯೇ ಒಂದೊಂದಾಗಿ ಮಡಚಿ ಹಿಡಿದುಕೊಂಡರು.

ಆಮೇಲೆ ಅವರ ಎಡಗೈ ಒಳಗೆ ಹೋಯಿತು.