ಕೆಂಚವ್ವನ ನಾಲಿಗೆ

ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಯ ಬದಿಯ ತಗಡಿನ ಶೆಡ್ಡಿನಲ್ಲಿ ನಾಗಲಿಂಗಪ್ಪ ಸಾಹುಕಾರರು ಸಿಹಿಪುಡಿ ಮಾಡಿಸಲು ಶುರು ಮಾಡಿದ್ದು ಅರವತ್ಮೂರರಲ್ಲಿ. ಸಕ್ಕರೆಗಿಂತ ಮೂವತ್ತು ಪಟ್ಟು ಸಿಹಿಯೆಂದು ಸೋಡಾ ಅಂಗಡಿಯವರು, ಐಸ್‌ಕ್ಯಾಂಡಿಯವರು ಮುಗಿಬಿದ್ದು ಒಯ್ಯುತ್ತಿದ್ದರು. ಅದಕ್ಕೆ ಬೇಕಾದ ಸಲ್ಫಾಮಿಕ್ ಆ್ಯಸಿಡ್ ಮುಂಬಯಿಯಿಂದ ಚೀಲಗಳಲ್ಲಿ ಬರುತ್ತಿತ್ತು. ನೋಡಲು ಥೇಟ್ ಉಪ್ಪಿನ ಹರಳು, ವಾಸನೆಯೂ ಇಲ್ಲ. ಬಾಯ್ಲರಿನೊಳಗೆ ಗಟ್ಟಿಯಾಗಿ ಕೂತ ಸುಣ್ಣವನ್ನು ಕರಗಿಸಲು ಬಳಸುವುದೂ ಅದನ್ನೇ. ಕೊಳೆತ ಮೀನಿನಂತೆ ನಾರುವ ಇನ್ನೊಂದು ದ್ರವದ ಜೊತೆ ಅದನ್ನು ಕುದಿಸಿ, ಕಾಸ್ಟಿಕ್ ಸೋಡಾ ಹಾಕಿ, ಸೋಸಿ ಒಣಗಿಸಿದರೆ ಸಿಹಿಪುಡಿ ಸಿದ್ಧ.

ಕೆಂಚವ್ವ ಅಲ್ಲಿ ಪುಡಿ ಒಣಹಾಕುವವಳು. ಗಂಡ ಮಲಕಪ್ಪ ಕಾಗದದ ಗಿರಣಿಯಲ್ಲಿ ಲಾರಿಯಿಂದ ಬಿದಿರು ಇಳಿಸುತ್ತಿದ್ದ. ಒಂದು ದಿನ ಬೆರಳಿಗಂಟಿದ ಪುಡಿಯನ್ನು ನೆಕ್ಕಿದವಳು, ಈ ಹಂಡೆಯಲ್ಲಿ ಹುಳಿ ಉಳಿದಿದೆ ಎಂದಳು. ಕೆಮಿಸ್ಟ್ ಅಡಿವೆಯ್ಯ ಹುಳಿ ಪತ್ತೆಹಚ್ಚುವ ಬಣ್ಣದ ಕಾಗದ ಅದ್ದಿ ನೋಡಿದ. ನಿಜವಾಗಿತ್ತು. ಅಂದಿನಿಂದ ಸಾಹುಕಾರರು ಕಾಗದ ತರಿಸುವುದನ್ನೇ ನಿಲ್ಲಿಸಿದರು. ಯಾವ ಹಂಡೆಯ ಮಾಲೇ ಇರಲಿ, ಒಂದು ಚಿಟಿಕೆ ಕೆಂಚವ್ವನ ನಾಲಿಗೆ ಮುಟ್ಟದೆ ಚೀಲ ಸೇರುತ್ತಿರಲಿಲ್ಲ. ಉಳಿದವರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರೆ ಅವಳಿಗೊಂದು ಸ್ಟೂಲು ಬಂತು. ಅವಳೇ ಕರೆತಂದು ಕೆಲಸಕ್ಕೆ ಹಚ್ಚಿದ ನೆರೆಮನೆಯ ಗೋದುಬಾಯಿ ಬಾಯಿ ಮುಕ್ಕಳಿಸಲು ನೀರು ತಂದುಕೊಡುತ್ತಿದ್ದಳು. ಕೆಂಚವ್ವನಿಗೆ ಇದೆಲ್ಲ ಬಹಳ ಹಿಡಿಸಿತು.

ವರ್ಷ ಕಳೆಯುವುದರಲ್ಲಿ ವಸಡು ಸುಲಿಯತೊಡಗಿತು, ಹಲ್ಲಿನ ಅಂಚು ಸವೆಯಿತು.

"ಅದು ಹಲ್ಲು ತಿಂತೈತಿ, ಕೆಂಚವ್ವ. ಈ ಕೆಲಸ ಬಿಡ್ರಿ," ಎಂದ ಅಡಿವೆಯ್ಯ.

ತನ್ನ ಸ್ಟೂಲಿನ ಮೇಲೆ ಅವನಿಗೆ ಹೊಟ್ಟೆಕಿಚ್ಚು ಎಂದುಕೊಂಡಳು. ತಿಂಗಳೊಳಗೆ ಅವನೇ ಕೆಲಸ ಬಿಟ್ಟು ಬೆಳಗಾವಿಗೆ ಹೋದ.

ಒಂದು ದಿನ ಮಲಕಪ್ಪ ಊಟದ ತಾಟನ್ನು ದೂರ ತಳ್ಳಿದ. ಸಾರಿಗೆ ಮೂರು ಸಲ ಉಪ್ಪು ಬಿದ್ದಿತ್ತು. ಕೆಂಚವ್ವ ಬೆಲ್ಲ ತಿಂದು ನೋಡಿದಳು, ಹುಣಸೆಹಣ್ಣು ಚೀಪಿ ನೋಡಿದಳು. ಮಣ್ಣು ತಿಂದಂತೆ. ಇದನ್ನು ಗೋದುಬಾಯಿಯೊಬ್ಬಳಿಗೆ ಹೇಳಿ ಅತ್ತಳು. ಆಮೇಲೆ ಗೋದುಬಾಯಿ ಕದ್ದು ರುಚಿ ನೋಡುವಳು. ಸಿಹಿಯಿದ್ದರೆ ತಲೆಯಾಡಿಸುವಳು, ಹುಳಿಯಿದ್ದರೆ ನೆಲ ನೋಡುವಳು. ಕೆಂಚವ್ವ ಹಾಗೆಯೇ ಹೇಳುವಳು. ಏಳು ತಿಂಗಳು ಹೀಗೇ ನಡೆಯಿತು.

ಗೋದುಬಾಯಿ ಜ್ವರ ಬಂದು ಮಲಗಿದ ವಾರ ಒಂದು ಹಂಡೆ ಕೆಟ್ಟ ಮಾಲು ಹೊರಗೆ ಹೋಯಿತು. ಹತ್ತಿರದ ರಾಮನಗರದ ಸೋಡಾ ವ್ಯಾಪಾರಿ ಚೀಲಗಳನ್ನು ಲಾರಿಯಲ್ಲಿ ವಾಪಸು ತಂದು ಶೆಡ್ಡಿನ ಮುಂದೆ ಕೆಡವಿದ. ಸಾಹುಕಾರರು ಎಲ್ಲರನ್ನೂ ಕರೆಸಿ, ಎರಡು ಚಹಾ ಬಸಿಗಳಲ್ಲಿ ಪುಡಿ ಹಾಕಿ ಕೆಂಚವ್ವನ ಮುಂದಿಟ್ಟರು.

"ಸಿಹಿ ಯಾವುದು, ಹೇಳವ್ವ."

ಎರಡರಿಂದಲೂ ಚಿಟಿಕೆ ಬಾಯಿಗಿಟ್ಟಳು. ಹುಣ್ಣಾದ ವಸಡಿಗೆ ಎರಡೂ ಉರಿಯೇ. ಜ್ವರ ಬಿಟ್ಟು ಎದ್ದುಬಂದಿದ್ದ ಗೋದುಬಾಯಿಯ ಕಡೆ ನೋಡಿದಳು. ಗೋದುಬಾಯಿ ಎಡಗಡೆಯ ಬಸಿಯನ್ನು ನೋಡಿ ತಲೆಯಾಡಿಸಿದಳು.

"ಇದು ಸಿಹಿ ಐತ್ರಿ."

"ಹಂಗಾರ ಅಷ್ಟೂ ತಿನ್ನು."

ಕೆಂಚವ್ವ ಬಸಿಯನ್ನೆತ್ತಿ ಬಾಯಿಗೆ ಸುರಿದುಕೊಂಡಳು. ಅದು ಬರೀ ಆ್ಯಸಿಡ್ ಹರಳು. ಮೊದಲು ನಕ್ಕವನು ರಾಮನಗರದ ವ್ಯಾಪಾರಿ. ಜನರ ಮುಖ ಕಂಡ ಮೇಲೆಯೇ ಅವಳಿಗೆ ತಿಳಿದದ್ದು. ಅಷ್ಟರಲ್ಲಿ ಅರ್ಧ ನುಂಗಿಯಾಗಿತ್ತು. ಮರುದಿನ ಸ್ಟೂಲಿನ ಮೇಲೆ ಗೋದುಬಾಯಿ ಕೂತಿದ್ದಳು. ಆ ಜಾಗ ಅವಳಿಗೇ ಎಂದು ಸಾಹುಕಾರರು ಬಸಿ ಮುಂದಿಡುವ ಹಿಂದಿನ ದಿನವೇ ಮಾತು ಕೊಟ್ಟಿದ್ದರೆಂದು ಆಮೇಲೆ ಗೊತ್ತಾಯಿತು.

ಕೆಂಚವ್ವ ಎರಡು ತಿಂಗಳು ಗಂಜಿಯ ಮೇಲೆ ಬದುಕಿದಳು. ಗಂಟಲು ಸುಟ್ಟು ದನಿ ಒಡೆದುಹೋಯಿತು. ಮಲಕಪ್ಪ ತನ್ನ ಅಕ್ಕನ ಮನೆಯಲ್ಲಿ ಉಣ್ಣತೊಡಗಿದ, ಬರಬರುತ್ತಾ ಮಲಗಲೂ ಅಲ್ಲಿಯೇ ಉಳಿದ.

ಒಂದೂವರೆ ವರ್ಷದ ಮೇಲೆ ಗೋದುಬಾಯಿ ಅವಳ ಬಾಗಿಲಿಗೆ ಬಂದಳು. ಬಿಳಿಚಿಕೊಂಡ ವಸಡು ಎದ್ದು ಬರುತ್ತಿತ್ತು.

"ಅಕ್ಕಾ, ನಿನಗೂ ಮೊದಲ ಹಿಂಗ ಆಗಿತ್ತೇನು?"

ಕೆಂಚವ್ವ ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಒಂದೊಂದೇ ಹಲ್ಲನ್ನು ನಿಧಾನವಾಗಿ ನೋಡಿದಳು.

"ಇಲ್ಲ ತಂಗಿ, ನನಗ ಹಿಂಗ ಆಗಿರಲಿಲ್ಲ. ಇದು ಉಷ್ಣ. ಮಜ್ಜಿಗಿ ಕುಡಿ."

"ಕೆಲಸ ಬಿಡ್ಲೇನು?"

"ಯಾಕ ಬಿಡ್ತಿ? ಹೋಗು."

ಗೋದುಬಾಯಿ ಮತ್ತೆ ಹನ್ನೊಂದು ತಿಂಗಳು ಹೋದಳು. ಅವಳು ಶೆಡ್ಡಿನ ಹಾದಿ ಹಿಡಿಯುವುದನ್ನು ಕೆಂಚವ್ವ ಬೆಳಿಗ್ಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ.