ಭಯಪ್ಪ ಮೇಷ್ಟ್ರಿಗೆ ಬಿದ್ದ ಸ್ಟಾರು

ಶಿಡ್ಲಘಟ್ಟದ ಪ್ರೈಮರಿ ಶಾಲೆಯ ಬಯ್ಯಪ್ಪ ಮೇಷ್ಟ್ರು ತಮ್ಮ ಹೆಸರನ್ನು ತಾವೇ ತಿದ್ದಿಕೊಂಡಿದ್ದಾರೆ: "ಬಯ್ಯಪ್ಪ ಅಲ್ಲ ಕಣ್ರಪ್ಪ, ಭಯಪ್ಪ." ಎದೆ ಒಂದಿಷ್ಟು ಜೋರಾಗಿ ಹೊಡೆದುಕೊಂಡರೆ ಸಾಕು, ಮಾರನೆಯ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಲ್ಯಾಬಿನ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಸೂಜಿ ಹಿಡಿದ ಹುಡುಗಿಗೆ ಕೈ ಚಾಚಿ, "ಈ ನರ ಬೇಡಮ್ಮ, ಹೋದ ತಿಂಗಳೇ ಸುಸ್ತಾಗಿದೆ, ಪಕ್ಕದ್ದು ತಗೋ" ಎನ್ನುತ್ತಾರೆ. ಸಕ್ಕರೆ, ಕೊಬ್ಬು, ಥೈರಾಯ್ಡು ಎಲ್ಲದರ ಅಂಕಿಯೂ ಅವರಿಗೆ ಮಗ್ಗಿಯಂತೆ ಬಾಯಿಪಾಠ. ಹದಿನೈದು ವರ್ಷದಿಂದ ಪ್ರತಿ ರಿಪೋರ್ಟಿಗೂ ಡಾಕ್ಟರು ಹೇಳಿದ್ದು ಒಂದೇ ಮಾತು, "ಏನೂ ಇಲ್ಲ." ಮೇಷ್ಟ್ರು ಮನೆಗೆ ಬಂದು, "ಮತ್ತೆ ಫಸ್ಟ್ ಕ್ಲಾಸಲ್ಲಿ ಪಾಸು ಕಣೇ" ಎಂದು ನಗುತ್ತಾರೆ; ಹೆಂಡತಿ ಗಂಗುಲಮ್ಮ, "ಮತ್ಯಾಕ್ರೀ ಈ ನಾಟಕ?" ಎಂದು ತಟ್ಟೆ ಇಡುತ್ತಾರೆ. ಮೊನ್ನೆ ಮಾತ್ರ ಮೈಯೊಳಗಿನ ಉರಿಯೂತ ಅಳೆಯುವ ಸಿಆರ್‌ಪಿ ಎಂಬ ಅಂಕಿಯ ಪಕ್ಕ ಒಂದು ಸ್ಟಾರು ಬಿದ್ದಿತ್ತು. ಮಿತಿ ಮೀರಿದ್ದಕ್ಕೆ ಲ್ಯಾಬಿನವರು ಹಾಕುವ ಗುರುತು ಅದು. ಮಕ್ಕಳ ನೋಟುಬುಕ್ಕಿಗೆ ದಿನವೂ ಸ್ಟಾರು ಹಾಕುವ ಮೇಷ್ಟ್ರು ಒಂದು ಗಳಿಗೆ ಹಿಗ್ಗಿಯೇ ಬಿಟ್ಟರು. ಹೊಸದಾಗಿ ಬಂದ ಡಾಕ್ಟರಮ್ಮ, "ಸ್ವಲ್ಪ ಜಾಸ್ತಿ ಇದೆ, ಅಷ್ಟೇ. ಬಹಳ ಕಾಲ ಭಯದಲ್ಲೇ ಇದ್ರೆ ಮೈಯಲ್ಲೂ ಹೀಗೆ ಕಾಣಿಸ್ಕೊಳ್ಬಹುದು. ಆ ಭಯಕ್ಕೇ ಚಿಕಿತ್ಸೆ ಮಾಡಣ ಮೇಷ್ಟ್ರೇ" ಎಂದರು. ಮನೆಗೆ ಬಂದ ಮೇಷ್ಟ್ರು ಅಂದು ತಮಾಷೆ ಮಾಡಲಿಲ್ಲ. ಆ ಸ್ಟಾರಿನ ಮೇಲೆ ಬೆರಳಿಟ್ಟು ರಿಪೋರ್ಟನ್ನು ಗಂಗುಲಮ್ಮನ ಮುಂದೆ ಹಿಡಿದು, "ನಾನು ಸುಳ್ಳು ಹೇಳ್ತಿರ್ಲಿಲ್ಲ ಕಣೇ" ಅಂದರು.