ಎತ್ತಿಗೆ ‘ರೀ’ ಅನ್ನಬಾರದು

ನೇಗಿಲು ಹಿಡಿದು ಮೂರು ಸಲ ‘ಚಲ್, ಚಲ್’ ಎಂದರೂ ಎತ್ತುಗಳು ಕದಲಲಿಲ್ಲ. ತೊಂಬತ್ತರ ದಶಕದ ಕೊನೆಯ ಮಾತು. ಖಡಕಿಯ ಕಾರ್ಖಾನೆಯಿಂದ ನಿವೃತ್ತನಾಗಿ, ಅಲ್ಲೇ ಮರಾಠಿ ಸೀಮೆಯ ತಳೇಗಾಂವದ ಬಳಿ ವರ್ಷಗಟ್ಟಲೆ ಬೀಳು ಬಿದ್ದಿದ್ದ ಎರಡೆಕರೆ ಕೊಂಡಿದ್ದೆ. ಅದು ನನ್ನ ಜೀವನದ ಮೊದಲ ಉಳುಮೆ.

ಎತ್ತುಗಳ ಯಜಮಾನ ಸಿದ್ದಪ್ಪ ಬದುವಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. “ಸಾಹೇಬ್ರ, ಅವು ಅಥಣಿ ಕಡೆ ಎತ್ತರಿ. ಮರಾಠಿ ತಿಳಿಯಂಗಿಲ್ಲ, ಕನ್ನಡದಾಗ ಹೇಳ್ರಿ” ಎಂದ.

ನಾನು ಧಾರವಾಡದವನು. ಗಂಟಲು ಸರಿಮಾಡಿಕೊಂಡು “ನಡೀರಿ” ಎಂದೆ. ಎಡಗಡೆಯ ಎತ್ತು ತಿರುಗಿ ನನ್ನನ್ನು ನೋಡಿ, ನಿಧಾನವಾಗಿ ಸಗಣಿ ಹಾಕಿತು.

“ರೀ ಅಂದ್ರ ಬೀಗರ ಮನಿಗೆ ಬಂದೀವಿ ಅಂತ ತಿಳ್ಕೊಂತಾವರಿ. ಲೇ ಅನ್ರಿ” ಎಂದ ಸಿದ್ದಪ್ಪ.

ಅತ್ತಿತ್ತ ನೋಡಿ, ಬೇರೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ “ನಡೀಲೇ” ಎಂದೆ. ಎತ್ತುಗಳು ಹೊರಟ ರಭಸಕ್ಕೆ ಗಟ್ಟಿ ನೆಲ ಬಿರಿಯಿತು. ಉತ್ತವನು ನಾನಲ್ಲ, ಹೊಲದ ತುದಿಯವರೆಗೆ ಅವೇ ನನ್ನನ್ನು ಎಳೆದುಕೊಂಡು ಹೋದವು.

ಮನೆಗೆ ಬಂದು ಇದನ್ನೆಲ್ಲ ಹೇಳಿದರೆ ಹೆಂಡತಿ ನಗಲಿಲ್ಲ. “ಮೂವತ್ತು ವರ್ಷ ನಿಮಗ ರೀ, ರೀ ಅಂದು ನಾನೂ ಅದ ತಪ್ಪು ಮಾಡೇನಿ” ಎಂದಳು. ಅಂದಿನಿಂದ ಅವಳು ಒಮ್ಮೆ “ಏಳ್ರಿ” ಅಂದರೆ ಸಾಕು, ಎದ್ದುಬಿಡುತ್ತೇನೆ.